ರಣಸ್ಮಾರಕಗಳೂ ಗೌರವನಾಮಾವಳಿಗಳೂ

ಯಾದಗಿರಿಯ ಸೀಮೆಯಲ್ಲಿ ಬಳಿಚಕ್ರವೆಂಬ ಹಳ್ಳಿಯುಂಟು. ಅಲ್ಲಿಂದ ಭೀಮಾನದಿಯನ್ನು ದಾಟಿ ಪಶ್ಚಿಮಕ್ಕೆ ನಡೆದರೆ ಶಹಾಪುರದ ಕೋಟೆಯ ಬೆಟ್ಟ ಎದುರಾಗುವುದು. ಇನ್ನೂ ಮುಂದೆ ಹೋದರೆ ಬಂಡೆಗಳ ನಡುವೆ ಅಡಗಿಕೊಂಡಿರುವ ಸುರಪುರ. ಕೃಷ್ಣಾ ಭೀಮಾ ನದಿಗಳ ನಡುವಣ ಈ ನೆಲವು ಯುದ್ಧವನ್ನು ಕಂಡುದು ಒಂದು ಸಲವಲ್ಲ. ಮೊಗಲ್ ಚಕ್ರವರ್ತಿ ಔರಂಗಜೇಬನು ತಾನೇ ಮುಂದೆ ನಿಂತು ನಡೆಯಿಸಿದ ಕಡೆಯ ಮುತ್ತಿಗೆ ನಡೆದುದು ಇಲ್ಲಿಯ ವಾಗಿನಗೇರಿಯಲ್ಲಿ, ೧೭೦೫ರಲ್ಲಿ. ಆಂಗ್ಲ ಸೈನ್ಯವು ಸುರಪುರಕ್ಕೆ ಬಂದುದು ೧೮೫೮ರಲ್ಲಿ. ಈ ಯುದ್ಧಗಳ ಕಥೆಯನ್ನು ಹೇಳುವ ಪುಸ್ತಕಗಳುಂಟು. ಆದರೆ ಇಲ್ಲಿ ಸತ್ತವರು ಯಾರು ಯಾರು, ಅವರ ಹೆಸರುಗಳೇನು, ಆ ಹೆಸರುಗಳನ್ನು ಕಾಪಾಡಿದವರಾರು ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಈ ಪ್ರಶ್ನೆಯನ್ನೇ ಇಂದು ಶ್ರೋತೃಗಳ ಮುಂದಿರಿಸಬೇಕೆಂದು ನಾವು ಬಯಸಿರುವೆವು.

ಸತ್ತ ವೀರನಿಗೆ ಕಲ್ಲು ನಿಲ್ಲಿಸುವುದು ಕನ್ನಡಿಗರಿಗೆ ಹೊಸತಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುತ್ತಿರಲು ಅಡ್ಡಗಟ್ಟಿ ಮಡಿದವನಿಗೆ ಕಲ್ಲು. ಹೆಣ್ಣುಮಕ್ಕಳ ಮಾನವನ್ನು ಕಾಯುವುದಕ್ಕಾಗಿ ಕಾದಿ ಬಿದ್ದವನಿಗೆ ಕಲ್ಲು. ಒಡೆಯನ ಪಕ್ಕದಲ್ಲಿ ನಿಂತು ಬಾಣಕ್ಕೆ ಎದೆಯೊಡ್ಡಿದವನಿಗೆ ಕಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು: ಈ ಮೂರು ಪಟ್ಟಿಕೆಗಳುಳ್ಳ ವೀರಗಲ್ಲನ್ನು ನೋಡದ ಕನ್ನಡಿಗನಿರಲಾರನು. ಇವುಗಳಲ್ಲಿ ವಿಶೇಷವಾಗಿ ಗಮನಿಸತಕ್ಕುದು ಒಂದುಂಟು. ವೀರಗಲ್ಲಿಗೆ ಅರ್ಹನಾಗಲು ದೊಡ್ಡ ಪದವಿಯವನೇ ಆಗಿರಬೇಕೆಂಬ ನಿಯಮವಿರಲಿಲ್ಲ. ಮದ್ದೂರಿನ ಬಳಿಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನವನ್ನು ನೋಡಿರಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ ಏನು ಬೇಕೆಂದು ಕೇಳಲು, ಅವನು ಕಾಳಿಯೆಂಬ ಬೇಟೆಯ ನಾಯಿಯನ್ನು ಬೇಡಿ ಪಡೆದನಂತೆ. ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ನಾಯಿಯ ಹೆಸರು ಕಲ್ಲಿನ ಮೇಲೆ ಉಳಿದು ಸಾವಿರ ವರ್ಷಗಳಾಗಿ ಹೋದುವು. ಈ ನಾಯಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುವೆವು. ಮುಂದೆ ಅದರ ಅವಶ್ಯಕತೆಯುಂಟಾಗುವುದು.

ಇನ್ನು ಆಂಗ್ಲೇಯರ ಪದ್ಧತಿಯನ್ನು ನೋಡೋಣ. ಅವರ ಸೈನ್ಯದಲ್ಲಿ ಪ್ರತಿಯೊಂದು ರೆಜಿಮೆಂಟೂ ಒಂದು ಕುಟುಂಬದಂತೆ. ಅದಕ್ಕೆ ತನ್ನದೇ ಆದ ಧ್ವಜ, ತನ್ನದೇ ಆದ ಹೆಸರು, ತಾನು ಗೆದ್ದ ಯುದ್ಧಗಳ ಪಟ್ಟಿ, ತನ್ನಲ್ಲಿ ಮಡಿದವರ ಪಟ್ಟಿ. ಈ ಕಡೆಯ ಪಟ್ಟಿಯನ್ನೇ ಗೌರವನಾಮಾವಳಿಯೆಂದು ನಾವು ಕರೆಯಬಹುದು. ಇದನ್ನು ಚರ್ಚಿನ ಗೋಡೆಯಲ್ಲಿ ಹಿತ್ತಾಳೆಯ ತಗಡಿನ ಮೇಲೆಯೋ, ಬಯಲಿನಲ್ಲಿ ಕಲ್ಲಿನ ಸ್ತಂಭದ ಮೇಲೆಯೋ ಕೆತ್ತಿಸುವರು. ನಮ್ಮ ನಾಡಿನಲ್ಲಿ ಇಂತಹ ಸ್ಮಾರಕಗಳು ಎರಡು ಬಗೆಯವು. ಬಂಧುಗಳೋ ಸ್ನೇಹಿತರೋ ಒಬ್ಬನಿಗಾಗಿ ಕಟ್ಟಿಸಿದುದು ಒಂದು ಬಗೆ. ಶ್ರೀರಂಗಪಟ್ಟಣದ ಸೆರೆಯಲ್ಲಿ ೧೭೮೨ರಲ್ಲಿ ಸತ್ತ ಕರ್ನಲ್ ಬೇಲಿಗಾಗಿ ಅವನ ಸೋದರಸಂಬಂಧಿಯು ೧೮೧೬ರಲ್ಲಿ ಅಲ್ಲಿ ನಿಲ್ಲಿಸಿದ ಮಂಟಪ ಈ ಬಗೆಯದು. ಒಂದು ಯುದ್ಧದಲ್ಲಿ ಬಿದ್ದ ಎಲ್ಲರಿಗಾಗಿ ದಳದ ಅಥವಾ ಸರಕಾರದ ವತಿಯಿಂದ ಕಟ್ಟಿದುದು ಇನ್ನೊಂದು ಬಗೆ. ಧಾರವಾಡದಲ್ಲಿ ಕಿತ್ತೂರಿನ ಕಾಳಗದ ನೆನಪಿಗೆ ನಿಂತಿರುವ ಸ್ತಂಭವನ್ನು ಎರಡಕ್ಕೂ ನಡುವಣದೆನ್ನಬಹುದು. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರ ಕೋಟೆಯ ಬಾಗಿಲಲ್ಲಿ ಮಡಿದ ಕಲೆಕ್ಟರ್ ಥ್ಯಾಕರೆಯ ಹೆಸರಿನಿಂದಲೇ ಅದು ಪ್ರಸಿದ್ಧವಾಗಿರುವುದು.

ಎರಡನೆಯ ಬಗೆಗೆ ಅತ್ಯುತ್ತಮ ಉದಾಹರಣೆಯು ಶ್ರೀರಂಗಪಟ್ಟಣದಲ್ಲಿಯೇ ಇದೆ. ೧೭೯೯ರ ಮೇ ೪ರಂದು ಜನರಲ್ ಹ್ಯಾರಿಸನ ಸೈನ್ಯವು ಕೋಟೆಯ ಗೋಡೆಯನ್ನು ಒಡೆದು ಒಳನುಗ್ಗಿದ ಎಡೆಯ ಸಮೀಪದಲ್ಲಿ ಒಂದು ಎತ್ತರವಾದ ಸ್ತಂಭವುಂಟು. ಇದನ್ನು ಕಟ್ಟಿಸಿದುದು ಯುದ್ಧವಾದ ಕೂಡಲೆ ಅಲ್ಲ. ನೂರೆಂಟು ವರ್ಷಗಳ ಬಳಿಕ, ೧೯೦೭ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸರಕಾರದವರು. ಅದರ ಮೇಲೆ ಮಡಿದ ಅಧಿಕಾರಿಗಳ ಹೆಸರುಗಳನ್ನೂ, ಮುತ್ತಿಗೆಯಲ್ಲಿ ಸೇರಿದ್ದ ರೆಜಿಮೆಂಟುಗಳ ಮತ್ತು ದಳಗಳ ಬಲವನ್ನೂ, ಅವುಗಳಲ್ಲಿ ಆದ ಸಾವುನೋವುಗಳನ್ನೂ ಕೊಟ್ಟಿರುವರು. ಶ್ರೋತೃಗಳು ಎಂದಾದರೂ ಅಲ್ಲಿಗೆ ಹೋದರೆ ಆ ಬರಹವನ್ನು ನಿಧಾನವಾಗಿ ಓದಿ ನೋಡಬೇಕು. ಅಧಿಕಾರಿಯಾಗಿದ್ದರೆ ಹೆಸರು, ಸಾಮಾನ್ಯ ಸಿಪಾಯಿಯಾಗಿದ್ದರೆ ಅಂಕಿ. ಈ ವಿಷಯದಲ್ಲಿ ಬಿಳಿಯ ಸೋಜರನಿಗೂ ನಮ್ಮ ಸಿಪಾಯಿಗೂ ಭೇದವಿಲ್ಲ. ಇಬ್ಬರೂ ಅಂಕಿಯೊಳಗೇ ಕರಗಿಹೋಗಿರುವರು. ಸ್ವಿಟ್ಜರ್ಲೆಂಡಿನಿಂದ ಹೊರಟು, ಮೊದಲು ಡಚ್ಚರ ಕೂಲಿಗೂ ೧೭೯೫ರ ಬಳಿಕ ಇಂಗ್ಲೀಷರ ಕೂಲಿಗೂ ಕಾದಿದ ದಿ ಮ್ಯೂರಾನ್ ರೆಜಿಮೆಂಟಿನವರದೂ ಇದೇ ಗತಿ. ಇನ್ನು ಕೋಟೆಯ ಒಳಗಿದ್ದು ಸತ್ತವರು? ಟಿಪ್ಪೂ ಸುಲ್ತಾನನಿಗೆ ಗುಂಬಜ್ ಉಂಟು. ಅವನ ದೇಹ ದೊರೆತ ಸ್ಥಳದಲ್ಲಿಯೂ ಗುರುತಿನ ಕಲ್ಲುಂಟು. ಅವನೊಡನೆ ಬಿದ್ದ ಸಾವಿರಾರು ಜನರಿಗೆ ಹೆಸರೂ ಇಲ್ಲ, ಕಲ್ಲಿನ ಮೇಲೆ ಅಂಕಿಯೂ ಇಲ್ಲ.

ಈ ಪದ್ಧತಿಯನ್ನು ಆಗಿನ ಕಾಲದ ದೋಷವೆಂದು ಕೆಲವರು ಹೇಳಿ ಮುಗಿಸುವರು. ಸಿಪಾಯಿಗಳ ಹೆಸರುಗಳನ್ನು ಸಂಗ್ರಹಿಸುವುದು ಕಷ್ಟವಾಗಿದ್ದಿತೆಂದು ಇನ್ನು ಕೆಲವರು ಹೇಳುವರು. ಈ ಎರಡನೆಯ ಮಾತನ್ನು ನಾವು ಒಪ್ಪಲಾರೆವು. ಸಂಬಳದ ಹಾಜರಿಪಟ್ಟಿಯಲ್ಲಿ ಹೆಸರಿಲ್ಲದ ಸಿಪಾಯಿಯು ಯಾವ ದಳದಲ್ಲಿಯೂ ಇರಲಾರನು. ತಿಂಗಳು ತಿಂಗಳೂ ಹಣವನ್ನು ಎಣಿಸಿ ಕೊಡುವಾಗ ಬೇಕಾದ ಹೆಸರು, ಕಲ್ಲಿನ ಮೇಲೆ ಬರೆಯುವಾಗ ಬೇಡವಾಯಿತೆಂಬುದೇ ನಿಜವಾದ ಸಂಗತಿ.

ಈಗ ಸುರಪುರಕ್ಕೆ ಬರುವೆವು. ಬೇಡನಾಯಕರ ಈ ಸಂಸ್ಥಾನಕ್ಕೆ ೧೮೪೧ರಲ್ಲಿ ಫಿಲಿಪ್ ಮೆಡೋಸ್ ಟೇಲರನು ಆಂಗ್ಲ ಸರಕಾರದ ಪರವಾಗಿ ಬಂದನು. ದೊರೆಯು ಆಗ ಬಾಲಕ. ಹನ್ನೆರಡು ವರ್ಷಗಳ ಕಾಲ ಟೇಲರನು ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಊರಿನ ಬೆಟ್ಟದ ಮೇಲೆ ಅವನು ಕಟ್ಟಿಸಿದ ಬಂಗಲೆಯನ್ನು ಜನರು ಇಂದಿಗೂ ಟೇಲರ್ ಮಂಜಿಲೆಂದೇ ಕರೆಯುವರು. ಬಾಲಕನಾದ ವೆಂಕಟಪ್ಪನಾಯಕನು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನು. ೧೮೫೩ರಲ್ಲಿ ದೊರೆಗೆ ಅಧಿಕಾರವನ್ನೊಪ್ಪಿಸಿ ಟೇಲರನು ಹೊರಟುಹೋದನು. ನಾಲ್ಕು ವರ್ಷಗಳಲ್ಲಿ ಉತ್ತರದ ದಂಗೆಯ ಸುದ್ದಿ ಬಂದಿತು. ದೊರೆಯು ಅರಬರನ್ನೂ ರೋಹಿಲರನ್ನೂ ಕೂಡಿಸುತ್ತಿರುವನೆಂದು ಆಂಗ್ಲ ಅಧಿಕಾರಿಗಳಿಗೆ ತಿಳಿದುಬಂದಿತು. ಮಾತುಕತೆಗೆಂದು ಕ್ಯಾಪ್ಟನ್ ಕ್ಯಾಂಬೆಲನನ್ನು ಕಳುಹಿಸಿದರು; ಅದರಿಂದ ಫಲವಾಗಲಿಲ್ಲ. ಕ್ಯಾಪ್ಟನ್ ವಿಂಡಮನು ಹೈದರಾಬಾದ್ ಕಂಟಿಂಜೆಂಟಿನ ಒಂದು ತುಕಡಿಯೊಡನೆ ಬಂದು ಬೀಡುಬಿಟ್ಟನು.

೧೮೫೮ರ ಫೆಬ್ರವರಿ ೭ರ ರಾತ್ರಿ ಸುರಪುರದವರು ಆ ಬೀಡಿನ ಮೇಲೆ ಬಿದ್ದರು. ರಾತ್ರಿಯೆಲ್ಲ ಗುಂಡಿನ ಮಳೆ. ಬೆಳಗಾಗುವ ಹೊತ್ತಿಗೆ ವಿಂಡಮನಿಗೆ ಸಹಾಯವಾಗಿ ಇನ್ನಷ್ಟು ಸೈನ್ಯ ಬಂದು ಸೇರಿತು. ಮದ್ರಾಸು ರಿಸಾಲೆಯ ಕ್ಯಾಪ್ಟನ್ ನ್ಯೂಬೆರಿಯು ಎದುರಾಳಿಗಳ ಗುಂಪೊಂದರ ಮೇಲೆ ಕುದುರೆಗಳನ್ನು ನುಗ್ಗಿಸಿ ಅಲ್ಲಿಯೇ ಮಡಿದನು. ಅವನ ಕೈಕೆಳಗಿನ ಲೆಫ್ಟಿನೆಂಟ್ ಸ್ಟೀವರ್ಟನಿಗೆ ಬಿದ್ದ ಗಾಯವೂ ಪ್ರಾಣಾಂತಿಕವಾಯಿತು. ಇನ್ನೂ ಹೆಚ್ಚಿನ ದಂಡು ಬರುವುದೆಂದು ತಿಳಿದು ದೊರೆಯು ಕೆಲವರೇ ಸವಾರರೊಡನೆ ಹೈದರಾಬಾದಿಗೆ ಓಡಿಹೋದನು. ಅಲ್ಲಿ ಅವನು ಸಿಕ್ಕಿಬಿದ್ದನು. ಮಂತ್ರಿಯಾದ ಸಾಲಾರ್ ಜಂಗನು ಅವನನ್ನು ರೆಸಿಡೆಂಟನ ವಶಕ್ಕೆ ಕೊಟ್ಟನು. ಸೆರೆಯಲ್ಲಿ ಟೇಲರನು ಅವನನ್ನು ಕಂಡನು. ತನ್ನನ್ನು ಕಳ್ಳನಂತೆ ನೇಣುಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಎಂದು ಆ ತರುಣನು ಕೇಳಿಕೊಂಡನೆಂದು ಟೇಲರನು ತನ್ನ ಆತ್ಮಕಥೆಯಲ್ಲಿ ಹೇಳಿರುವನು. ಮರಣದಂಡನೆಯು ಮೊದಲು ದ್ವೀಪಾಂತರವಾಸವಾಗಿ, ಆ ಬಳಿಕ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯಾಗಿ ಇಳಿಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ದೊರೆಯು ಗುಂಡುತಗುಲಿ ಸತ್ತನು. ತಾನೇ ಹೊಡೆದುಕೊಂಡನೆಂದು ಟೇಲರನ ಹೇಳಿಕೆ. ಸುರಪುರವನ್ನು ೧೮೬೦ರಲ್ಲಿ ನಿಜಾಮರಿಗೆ ಬಿಟ್ಟುಕೊಟ್ಟರು.

ಈ ಕಥೆಯಲ್ಲಿ ನಮಗೆ ದೊರೆಯುವ ಹೆಸರುಗಳನ್ನು ಎಣಿಸಿ ನೋಡೋಣ. ವಿಂಡಮ್, ಕ್ಯಾಂಬೆಲ್, ನ್ಯೂಬೆರಿ, ಸ್ಟೀವರ್ಟ್, ಟೇಲರ್. ಎದುರಿನಲ್ಲಿ ದೊರೆ ವೆಂಕಟಪ್ಪನಾಯಕ. ನ್ಯೂಬೆರಿಯ ಹಿಂದೆ ಕುದುರೆ ಹೊಡೆದುಕೊಂಡು ನುಗ್ಗಿದ ಮದ್ರಾಸಿನ ಸವಾರರಾರು? ರಾತ್ರಿಯೆಲ್ಲ ಬೀಡನ್ನು ಕಾದ ಕಂಟಿಂಜೆಂಟಿನ ಸಿಪಾಯಿಗಳಾರು? ಅವರೂ ಈ ದೇಶದವರೇ ಅಲ್ಲವೆ? ಕತ್ತಲಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತ ಬಂದು ಬಿದ್ದ ಬೇಡರ ಯೋಧರಾರು? ಆ ಕಾಲದ ಕಾಗದಪತ್ರಗಳು ಎರಡು ಕಡೆಯ ಸಾಮಾನ್ಯರನ್ನೂ ಒಂದೇ ರೀತಿಯಾಗಿ ಮರೆತಿರುವುವು. ಮುಂದೆ ಆಂಗ್ಲ ಸಮಾಧಿಗಳ ಬರಹಗಳನ್ನು ಒಟ್ಟುಗೂಡಿಸುವ ಕೆಲಸವು ಬಹು ಶ್ರದ್ಧೆಯಿಂದ ನಡೆಯಿತು. ಮದ್ರಾಸು ಪ್ರಾಂತಕ್ಕೆ ಕಾಟನ್ ಎಂಬ ಅಧಿಕಾರಿಯ ಪಟ್ಟಿ ೧೯೦೫ರಲ್ಲಿ ಹೊರಬಿದ್ದಿತು; ನಿಜಾಮರ ರಾಜ್ಯಕ್ಕೆ ಕ್ರಾಫ್ಟನನ ಪಟ್ಟಿ ೧೯೪೧ರಲ್ಲಿ ಬಂದಿತು. ಸತ್ತವನ ಊರು, ವಂಶ, ಸೇವೆ ಎಲ್ಲವನ್ನೂ ಹುಡುಕಿ ಟಿಪ್ಪಣಿ ಬರೆದಿರುವ ಈ ಗ್ರಂಥಗಳ ಪರಿಶ್ರಮವನ್ನು ನಾವು ಹೊಗಳದೆ ಇರಲಾರೆವು. ತಮ್ಮವರನ್ನು ನೆನೆಯುವುದು ತಪ್ಪಲ್ಲ. ನಮ್ಮವರನ್ನು ನೆನೆಯುವ ಅಂತಹ ಒಂದು ಪುಸ್ತಕವನ್ನು ನಾವು ಬರೆಯದೆ ಹೋದುದು ತಪ್ಪು.

ಹಾಗೆಂದು ನಮ್ಮ ಜನರು ಪೂರ್ಣವಾಗಿ ಮರೆತರೆಂದಲ್ಲ. ಅವರಿಗೆ ಕಲ್ಲು ನಿಲ್ಲಿಸುವ ಶಕ್ತಿಯಾಗಲಿ ಸ್ವಾತಂತ್ರ್ಯವಾಗಲಿ ಇರಲಿಲ್ಲ. ಆದುದರಿಂದ ಹಾಡನ್ನು ನಿಲ್ಲಿಸಿದರು. ಸುರಪುರದ ಕಾಳಗಕ್ಕೆ ಎರಡೇ ತಿಂಗಳು ಮೊದಲು, ಮುಧೋಳದ ಸೀಮೆಯ ಹಲಗಲಿಯಲ್ಲಿ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ನಿಂತರು. ೧೮೫೭ರ ನವೆಂಬರಿನ ಕಡೆಯಲ್ಲಿ ಸೈನ್ಯವು ಆ ಹಳ್ಳಿಗೆ ಬೆಂಕಿಯಿಟ್ಟಿತು. ಡಿಸೆಂಬರ್ ೧೧ರಂದು ಮುಧೋಳದಲ್ಲಿ ೧೩ ಜನರನ್ನೂ ೧೪ರಂದು ಹಲಗಲಿಯಲ್ಲಿಯೇ ೬ ಜನರನ್ನೂ ಗಲ್ಲಿಗೇರಿಸಿದರು. ಸರಕಾರದ ಲೆಕ್ಕದಲ್ಲಿ ಇವರು ೧೯ ಎಂಬ ಅಂಕಿ. ಲಾವಣಿಯಲ್ಲಾದರೋ ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಹಿಡಿದು ಕರೆದಿರುವರು. ಇದರಲ್ಲಿ ಒಂದು ವಿಚಿತ್ರವೂ ಉಂಟು. ಆ ಲಾವಣಿಯನ್ನು ಬರೆದಿಟ್ಟುಕೊಂಡು, ೧೮೮೦ರ ದಶಕದಲ್ಲಿ ಅಚ್ಚುಹಾಕಿಸಿ ಉಳಿಸಿದವನು ಆಂಗ್ಲ ಸರಕಾರದ ಅಧಿಕಾರಿಯೇ ಆದ ಶಾಸನತಜ್ಞ ಫ್ಲೀಟನು! ಸರಕಾರದ ಒಂದು ಕೈ ಗಲ್ಲಿಗೇರಿಸಿದವರ ಹೆಸರನ್ನು ಇನ್ನೊಂದು ಕೈ ಕಾಪಾಡಿತು. ಹಾಡು ಕೇಳುವವರಿರುವ ತನಕ ಬದುಕುವುದು. ಬರೆದಿಟ್ಟರೆ ಇನ್ನೂ ಸ್ವಲ್ಪ ಕಾಲ ಬದುಕುವುದು. ಸುರಪುರದ ಸೀಮೆಯ ಎಷ್ಟು ಹಾಡುಗಳು ಬರೆಯುವವರಿಲ್ಲದೆ ಹಾಡುವವರೊಡನೆಯೇ ಮಣ್ಣಾದುವೋ ಬಲ್ಲವರಾರು?

ಸಿಪಾಯಿಗೂ ಹೆಸರು ಬೇಕೆಂಬ ಮಾತು ಮೊದಲನೆಯ ಮಹಾಯುದ್ಧದಲ್ಲಿ ನಿಯಮವಾಯಿತು. ೧೯೧೭ರ ಮೇ ತಿಂಗಳಿನಲ್ಲಿ ಸ್ಥಾಪಿತವಾದ ಸಾಮ್ರಾಜ್ಯದ ಯುದ್ಧಸಮಾಧಿಗಳ ಆಯೋಗವು, ಸರ್ ಫ್ರೆಡರಿಕ್ ಕೆನ್ಯನನ ೧೯೧೮ರ ವರದಿಯಂತೆ, ಅಧಿಕಾರಿ ಸಿಪಾಯಿ ಎಂಬ ಭೇದವಿಲ್ಲದೆ ಸತ್ತ ಎಲ್ಲರಿಗೂ ಸಮಾನವಾದ ಗುರುತು ಇರಬೇಕೆಂದು ಗೊತ್ತುಮಾಡಿತು. ಇದು ಉದಾತ್ತವಾದ ತತ್ತ್ವ. ಫ್ರಾನ್ಸಿನ ನವ್ ಷಾಪೆಲಿನಲ್ಲಿ ೧೯೨೭ರಲ್ಲಿ ತೆರೆದ ಸ್ಮಾರಕದಲ್ಲಿ ೪,೭೦೦ಕ್ಕೂ ಮಿಕ್ಕಿದ ಹಿಂದೂಸ್ಥಾನದ ಯೋಧರ ಹೆಸರುಗಳನ್ನು ಕೆತ್ತಿರುವರು. ಆದರೆ ಯೂರೋಪಿನಲ್ಲಿ ಪಾಲಿಸಿದ ನಿಯಮವು ಏಷ್ಯ ಆಫ್ರಿಕಗಳಿಗೆ ಬರುವಷ್ಟರಲ್ಲಿ ಸೊರಗಿತು. ಇರಾಕಿನ ಬಸ್ರಾದಲ್ಲಿ ೧೯೨೯ರಲ್ಲಿ ತೆರೆದ ಸ್ಮಾರಕವು, ಸಮಾಧಿ ಎಲ್ಲಿರುವುದೆಂದು ತಿಳಿಯದ ೪೦,೦೦೦ಕ್ಕೂ ಹೆಚ್ಚು ಜನರದು. ಅಲ್ಲಿ ಬ್ರಿಟಿಷ್ ಸಿಪಾಯಿಗೂ ಹೆಸರು. ಹಿಂದೂಸ್ಥಾನದ ಅಧಿಕಾರಿಗೂ ಹೆಸರು. ಹಿಂದೂಸ್ಥಾನದ ಸಿಪಾಯಿಗೆ ಮಾತ್ರ ಅವನ ರೆಜಿಮೆಂಟಿನ ಹೆಸರಿನ ಮುಂದೆ ಒಂದು ಅಂಕಿ. ಬೆಂಗಳೂರನ್ನು ತಮ್ಮ ನೆಲೆಯಾಗಿ ಮಾಡಿಕೊಂಡಿದ್ದ ಮದ್ರಾಸು ಸ್ಯಾಪರ್ಸ್ ದಳದವರೂ ಆ ರಣಭೂಮಿಯಲ್ಲಿದ್ದರು. ಶ್ರೀರಂಗಪಟ್ಟಣದ ಕಲ್ಲಿನಲ್ಲಿ ಬಿಳಿಯ ಸೋಜರನೊಡನೆ ಅಂಕಿಯಾಗಿದ್ದ ನಮ್ಮ ಸಿಪಾಯಿಯು ಈಗ ಒಂಟಿಯಾಗಿ ಅಂಕಿಯಾದನು. ಆತಕೂರಿನ ನಾಯಿಗೆ ದೊರೆತ ಗೌರವವು ಅವನಿಗೆ ದೊರೆಯಲಿಲ್ಲವೆಂದು ಹೇಳಲು ನಮಗೆ ಸಂಕಟವಾಗುವುದು. ಆದರೂ ಹೇಳದೆ ಇರಲಾಗದು.

ಈ ಲೋಪವನ್ನು ಆ ಆಯೋಗವೇ ತನಿಖೆಮಾಡಿಸಿ ೨೦೨೧ರಲ್ಲಿ ಒಪ್ಪಿಕೊಂಡಿತು. ೪೫,೦೦೦ದಿಂದ ೫೪,೦೦೦ದವರೆಗೆ ಜನರಿಗೆ ಸಮಾನವಲ್ಲದ ರೀತಿಯ ಸ್ಮರಣೆ ನಡೆದಿತ್ತೆಂದೂ, ಇನ್ನೂ ಕನಿಷ್ಠ ೧,೧೬,೦೦೦ ಜನರಿಗೆ, ಒಂದು ವೇಳೆ ೩,೫೦,೦೦೦ ಜನರಿಗೂ, ಹೆಸರಿನ ಸ್ಮಾರಕವಾಗಲಿ ಯಾವುದೇ ಸ್ಮಾರಕವಾಗಲಿ ಇಲ್ಲವೆಂದೂ ಅದರ ವರದಿಯು ಹೇಳಿತು. ಇವರಲ್ಲಿ ಬಹುಮಂದಿ ಆಫ್ರಿಕ, ಹಿಂದೂಸ್ಥಾನ ಮತ್ತು ಈಜಿಪ್ಟಿನವರು. ಆಯೋಗವು ಕ್ಷಮೆ ಕೋರಿತು. ಕ್ಷಮೆಯು ತಡವಾಗಿ ಬಂದರೂ ಬಂದಿತೆಂಬುದನ್ನು ನಾವು ಗುರುತಿಸಬೇಕು.

ಹಿಂದೂಸ್ಥಾನದ ಅನೇಕ ಹಳ್ಳಿಗಳಲ್ಲಿ ಆ ಯುದ್ಧದ ಬಳಿಕ ಹಾಕಿಸಿದ ಚಿಕ್ಕ ಕಲ್ಲುಗಳುಂಟು. ಈ ಹಳ್ಳಿಯಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣಕೊಟ್ಟರು ಎಂದು ಎರಡು ಸಾಲು. ಅಲ್ಲಿಯೂ ಅಂಕಿಯೇ. ಹಳ್ಳಿಯವರಿಗೆ ಆ ಅಂಕಿಯ ಹಿಂದೆ ಯಾರ ಮಗ, ಯಾರ ಗಂಡ ಎಂಬುದು ತಿಳಿದಿದ್ದಿತು. ಎರಡು ತಲೆಮಾರು ಕಳೆದ ಮೇಲೆ ಅಂಕಿ ಉಳಿದಿತು, ಮನುಷ್ಯನು ಅಳಿದನು.

ದೇಶೀಯ ಸಂಸ್ಥಾನಗಳ ದಳಗಳಿಗೆ ಈ ವಿಷಯದಲ್ಲಿ ಕೊಂಚ ಹೆಚ್ಚಿನ ಭಾಗ್ಯ ಲಭಿಸಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣದ ಮೇಲೆ ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರುಗಳು ಈಟಿ ಹಿಡಿದು ನುಗ್ಗಿದರು. ಎದುರಿಗೆ ಯಂತ್ರಬಂದೂಕುಗಳು, ಪಕ್ಕದಲ್ಲಿ ಕಾರ್ಮಲ್ ಪರ್ವತದ ಇಳಿಜಾರು. ಪಟ್ಟಣವು ವಶವಾಯಿತು, ೧,೩೫೦ ಜನ ಸೆರೆಯಾದರು. ಇವೆರಡು ದಳಗಳಿಗೂ ಇವುಗಳ ಬ್ರಿಗೇಡಿನಲ್ಲಿಯೇ ಇದ್ದ ಹೈದರಾಬಾದ್ ಲ್ಯಾನ್ಸರುಗಳಿಗೂ ಸೇರಿ ದೆಹಲಿಯಲ್ಲಿ ಮೂರು ಯೋಧರ ಪ್ರತಿಮೆಗಳನ್ನು ನಿಲ್ಲಿಸಿದರು. ಆ ಸ್ಥಳಕ್ಕೆ ತೀನ್ ಮೂರ್ತಿಯೆಂದು ಹೆಸರು ಬಂದುದು ಇದರಿಂದಲೇ. ೨೦೧೮ರಲ್ಲಿ ಅದಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿರುವ ಮೈಸೂರು ಲ್ಯಾನ್ಸರುಗಳ ಸ್ತಂಭದಲ್ಲಿ ಮಡಿದವರ ಹೆಸರುಗಳನ್ನು ಕೆತ್ತಿರುವರು. ಮೂವರು ಯೋಧರಲ್ಲಿ ಒಬ್ಬನು ಮೈಸೂರಿನವನು, ಒಬ್ಬನು ಹೈದರಾಬಾದಿನವನು. ೧೮೬೦ರಿಂದ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸುರಪುರ ಯಾದಗಿರಿಗಳ ಜನರಿಗೂ ಆ ಕಲ್ಲಿನಲ್ಲಿ ಪಾಲುಂಟೆಂಬುದನ್ನು ನಾವು ಮರೆಯಬಾರದು.

ಇನ್ನು ಕಡೆಯ ಪ್ರಶ್ನೆ. ಪರರಾಜ್ಯವು ಹೋದ ಬಳಿಕ ಪರರಾಜ್ಯದ ಸ್ಮಾರಕಗಳನ್ನು ಏನು ಮಾಡಬೇಕು? ಬೆಂಗಳೂರಿನಲ್ಲಿ ಇದಕ್ಕೆ ಒಂದು ಉತ್ತರವನ್ನು ಕೊಟ್ಟದ್ದಾಗಿದೆ. ೧೭೯೧ರಲ್ಲಿ ಬೆಂಗಳೂರಿನ ಪೇಟೆ ಕೋಟೆಗಳನ್ನು ಹಿಡಿಯುವಾಗ ಬಿದ್ದವರ ಸ್ಮಾರಕಸ್ತಂಭವು ಹಡ್ಸನ್ ವೃತ್ತದ ಬಳಿಯಲ್ಲಿದ್ದಿತು. ಅದನ್ನು ೧೯೬೪ರಲ್ಲಿ ಕೆಡವಿದರು. ಅದರ ಹೆಸರನ್ನು ಹೊತ್ತಿದ್ದ ರಸ್ತೆಯು ನೃಪತುಂಗ ರಸ್ತೆಯಾಯಿತು. ಕೆಡವಿದವರ ಮನಸ್ಸು ನಮಗೆ ತಿಳಿಯದುದಲ್ಲ. ಗೆದ್ದವನ ಕಂಬವನ್ನು ಸೋತವನು ತನ್ನ ಊರ ನಡುವೆ ದಿನವೂ ನೋಡುತ್ತಿರಬೇಕೆಂಬುದು ನ್ಯಾಯವಲ್ಲ. ಆದರೆ ಕಂಬವು ಬಿದ್ದುದರಿಂದ ಕೋಟೆಯನ್ನು ಕಾಪಾಡುತ್ತ ಮಡಿದ ಬೆಂಗಳೂರಿನವರ ಹೆಸರುಗಳು ಎದ್ದುಬಂದುವೆ? ಬರಲಿಲ್ಲ. ಒಂದು ನೆನಪು ಹೋಯಿತು; ಅದರ ಸ್ಥಳದಲ್ಲಿ ಆ ಯುದ್ಧದ ಇನ್ನೊಂದು ನೆನಪು ಬರಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿದು: ಅಪೂರ್ಣವಾದ ಪಟ್ಟಿಯನ್ನು ಹರಿಯುವುದಕ್ಕಿಂತ ಪೂರ್ಣಮಾಡುವುದು ಮೇಲು. ಸುರಪುರದ ಸೀಮೆಯಲ್ಲಿ ನಾಯಕರ ಮನೆತನಗಳುಂಟು. ಅವರ ಮನೆಗಳಲ್ಲಿ ಹಳೆಯ ಕಾಗದಗಳುಂಟು. ಇಂತಹವನು ಇಂತಹ ಬಂಡೆಯ ಬಳಿಯಲ್ಲಿ ಬಿದ್ದನೆಂದು ಹೇಳುವ ಹಿರಿಯರು ಇಂದಿಗೂ ಅಲ್ಲಲ್ಲಿ ಸಿಕ್ಕುವರು. ಹೊಲದ ಬದುವಿನಲ್ಲಿ ಕುಂಕುಮ ಹಚ್ಚಿಸಿಕೊಂಡು ನಿಂತಿರುವ ಹೆಸರಿಲ್ಲದ ಕಲ್ಲುಗಳುಂಟು. ಬಳಿಚಕ್ರದಂತಹ ಒಂದೊಂದು ಹಳ್ಳಿಯಲ್ಲಿಯೂ ಓದುಬರಹ ಬಲ್ಲ ಒಬ್ಬನು ಒಂದು ಪುಸ್ತಕವನ್ನು ತೆರೆದು, ಹಿರಿಯರು ಹೇಳುವ ಹೆಸರುಗಳನ್ನು ಬರೆದಿಟ್ಟರೆ ಸಾಕು. ಯಾವ ಸರಕಾರದ ಅಪ್ಪಣೆಯೂ ಇದಕ್ಕೆ ಬೇಕಿಲ್ಲ. ಎಲ್ಲ ಹೆಸರೂ ಸಿಕ್ಕಲಾರವು. ಹತ್ತು ಸಿಕ್ಕರೂ ಅವು ಹತ್ತು ಮನುಷ್ಯರು. ಆ ಪುಸ್ತಕದಲ್ಲಿ ನ್ಯೂಬೆರಿಯ ಹೆಸರಿಗೂ, ಅವನ ಹಿಂದೆ ನುಗ್ಗಿದ ಸವಾರನ ಹೆಸರಿಗೂ, ಅವರನ್ನು ಎದುರಿಸಿ ನಿಂತವನ ಹೆಸರಿಗೂ ಎಡೆಯಿರಲಿ. ಸಾವು ಅವರ ನಡುವಣ ಜಗಳವನ್ನು ಎಂದೋ ಮುಗಿಸಿರುವುದು.

ಸಾವಿರ ವರ್ಷಗಳ ಹಿಂದೆ ಆತಕೂರಿನವರು ಒಂದು ನಾಯಿಯ ಋಣವನ್ನು ತೀರಿಸಿದರು. ನಮ್ಮ ಮೇಲಿರುವ ಋಣವು ಮನುಷ್ಯರದು. ಅದನ್ನು ಅಂಕಿಯಿಂದ ತೀರಿಸಲಾಗದು, ಹೆಸರಿನಿಂದಲೇ ತೀರಿಸಬೇಕು. ಇದಿಷ್ಟನ್ನು ಶ್ರೋತೃಗಳ ಗಮನಕ್ಕೆ ತಂದು ನಾವು ವಿರಮಿಸುವೆವು.